ಹೊರಗೆ ನಿಂತವನ ಕಣ್ಣಿನಿಂದ ಗುಟ್ಟನ್ನು ಕಾಯುವುದು

ಸಂದೇಶಗಳನ್ನೆಲ್ಲ ಗೂಢಲಿಪಿಗೆ ಇಳಿಸಿದ ಮೇಲೂ ಹೊರಗಿನವರಿಗೆ ಒಳಗಿನ ಗುಟ್ಟು ಹೇಗೆ ತಿಳಿಯುತ್ತದೆ, ಅದನ್ನು ತಡೆಯಬಹುದೇ ಎಂದು ಕೇಳಿದ್ದೀರಿ. ಪುಣೆಯ ಭೋಸರಿಯಲ್ಲಿ ಕಾರ್ಖಾನೆಗಳ ಪಿಎಲ್‌ಸಿಗಳಿಗೆ (ಯಂತ್ರಗಳನ್ನು ನಡೆಸುವ ಪುಟ್ಟ ಗಣಕಗಳಿಗೆ) ಪ್ರೋಗ್ರಾಂ ಬರೆಯುವವನಾದ್ದರಿಂದ ಅಲ್ಲಿಯದೇ ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ.

ಒಂದು ಕಾರ್ಖಾನೆಯ ಎದುರಿನ ಚಹಾ ಟಪರಿಯಲ್ಲಿ, ಅಂದರೆ ಗೂಡಂಗಡಿಯಲ್ಲಿ, ಕುಳಿತವನಿಗೆ ಸೈರನ್, ಕುಲುಮೆಯ ಫ್ಯಾನ್, ಹಿಂಬಾಗಿಲು ಇಷ್ಟೇ ಗೋಚರ. ಸಾಮಾನ್ಯ ದಿನ ಇವು ಇದೇ ಕ್ರಮದಲ್ಲಿ ಬರುತ್ತವೆ; ಹೊಸ ಬಿಡಿಭಾಗದ ಗುಪ್ತ ಪರೀಕ್ಷೆಯ ದಿನ ಕುಲುಮೆ ಉರಿಯದೆ, ಸೈರನ್ ಆದೊಡನೆ ಹಿಂಬಾಗಿಲು ತೆರೆಯುತ್ತದೆ. ಒಂದು ಮಾತೂ ಸೋರದೆ ಗುಟ್ಟು ಬಯಲಾಯಿತು.

ಇಂಥ ಬಿಡಿ ಘಟನೆಗಳ ವ್ಯವಸ್ಥೆಯಲ್ಲಿ, ಅಂದರೆ ಡಿಸ್ಕ್ರೀಟ್ ಈವೆಂಟ್ ಸಿಸ್ಟಮ್‌ನಲ್ಲಿ, ನೋಡುವವನಿಗೆ ಒಳಗಿನ ರಚನೆ ಪೂರ್ತಿ ಗೊತ್ತಿದೆಯೆಂದೇ ಇಟ್ಟುಕೊಂಡು, ಅವನು ಕಂಡದ್ದಕ್ಕೆ ಹೊಂದುವ ಎಲ್ಲ ಸ್ಥಿತಿಗಳ ಗುಂಪನ್ನು ಲೆಕ್ಕ ಹಾಕಬೇಕು. ಆ ಗುಂಪಿನಲ್ಲಿ ಗುಟ್ಟಲ್ಲದ ಸ್ಥಿತಿ ಒಂದಾದರೂ ಉಳಿದಿದ್ದರೆ ಅವನಿಗೆ ಖಚಿತವಾಗುವುದಿಲ್ಲ. ಪ್ರತಿ ಹಂತದಲ್ಲೂ ಹೀಗೆ ಉಳಿಯುವ ಗುಣವೇ ಅಪಾರದರ್ಶಕತೆ. ಆಟೊಮೇಟಾಗಳ, ಅಂದರೆ ಘಟನೆಯಿಂದ ಘಟನೆಗೆ ಸ್ಥಿತಿ ಬದಲಿಸುವ ಗಣಿತದ ಮಾದರಿಗಳ, ಸ್ಥಿತಿಗಳ ಮೇಲೆ ಇದನ್ನು 2007ರಲ್ಲಿ ಸಂಶೋಧಕರಾದ ಸಬೂರಿ ಮತ್ತು ಹಾಜಿಕೋಸ್ಟಿಸ್ ನಿರೂಪಿಸಿದರು. ಲೆಕ್ಕ ಹಗುರವಲ್ಲ: 20 ಸ್ಥಿತಿಗಳಿದ್ದರೆ ಗುಂಪುಗಳು 10 ಲಕ್ಷ ದಾಟಬಹುದು.

ತಡೆಯಲು ಒಂದು ದಾರಿಯೆಂದರೆ ನಿಯಂತ್ರಕವು ಕೆಲವು ಘಟನೆಗಳನ್ನೇ ನಿಲ್ಲಿಸುವುದು. ಫ್ಯಾನ್ ತಿರುಗದೆ ಹಿಂಬಾಗಿಲು ತೆರೆಯಕೂಡದು ಎಂದರೆ ಪರೀಕ್ಷೆಯೇ ನಿಲ್ಲುತ್ತದೆ. ಆದ್ದರಿಂದ ಕೆಲಸಕ್ಕೆ ಕೈಹಚ್ಚದೆ, ಹೊರಗೆ ಕಾಣುವ ಸಾಲಿನಲ್ಲಿ ಹುಸಿ ಸಂಕೇತ ಸೇರಿಸುವ ದಾರಿಯನ್ನೇ ನಾನು ಮೆಚ್ಚುತ್ತೇನೆ. ಇದನ್ನು ಸಂಶೋಧಕರಾದ ವೂ ಮತ್ತು ಲಫೋರ್ಚೂನ್ 2014ರಲ್ಲಿ ವಿವರವಾಗಿ ಬೆಳೆಸಿದರು. ಪರೀಕ್ಷೆಯ ದಿನ ನಡುವೆ ಫ್ಯಾನನ್ನು ಬರಿದೇ ತಿರುಗಿಸಿದರೆ ಸಾಲು ಎಂದಿನಂತೆಯೇ ಕಾಣುತ್ತದೆ. ನಿಜವಾದ ಸಾಮಾನ್ಯ ದಿನಗಳೂ ಹಾಗೆಯೇ ಇರುವುದರಿಂದ, ಈ ಉಪಾಯ ಟಪರಿಯವನಿಗೆ ತಿಳಿದಿದ್ದರೂ ಅವನ ಅನುಮಾನ ನಿಶ್ಚಯವಾಗದು.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಫ್ಯಾನ್ ತಿರುಗಿದ ದಿನಗಳಲ್ಲೆಲ್ಲ ಸಂಜೆ ಬೂದಿಯ ಟೆಂಪೋ ಹೊರಡುವ ರೂಢಿಯಿದ್ದರೆ, ಪರೀಕ್ಷೆಯ ದಿನವೂ ಅದು ಹೊರಡಲೇಬೇಕು. ಹೊರಡಿಸಲಾಗದಿದ್ದರೆ ಬೆಳಿಗ್ಗೆಯ ಹುಸಿ ಸಂಜೆಗೆ ಬಯಲಾಗುತ್ತದೆ. ಹಾಗಾಗಿ ಯಾವ ಸಂಕೇತವನ್ನಾದರೂ ಸೇರಿಸುವ ಮೊದಲು, ಅದರ ಮುಂದೆ ಬರಬಹುದಾದ ಪ್ರತಿ ಘಟನೆಗೂ ಹೊಂದುವ ಸಾಲನ್ನು ಕೊನೆಯವರೆಗೂ ತೋರಿಸಬಲ್ಲೆವೇ ಎಂದು ಪರೀಕ್ಷಿಸಿ, ತೋರಿಸಲಾಗದ ಆಯ್ಕೆಗಳನ್ನು ಮೊದಲೇ ಅಳಿಸಿಹಾಕಿ.