ಜಗಲಿ ಒಂದೂವರೆ ಅಡಿ, ರ‍್ಯಾಂಪ್ ಎಷ್ಟು ಉದ್ದ?

ಪ್ರಶ್ನೆ: ವೀಲ್‌ಚೇರಿನಲ್ಲಿದ್ದೇ ಹೋರಾಡಿದ ಅಮೆರಿಕದ ಜೂಡಿತ್ ಹ್ಯೂಮನ್ ಅವರ ಆತ್ಮಕಥೆ ಓದಿದೆ. ನನ್ನ ತಂಗಿಯ ಮಗಳೂ ವೀಲ್‌ಚೇರಿನಲ್ಲೇ ಓಡಾಡುವವಳು. ಊರ ಶಾಲೆಯ ಜಗಲಿ ಒಂದೂವರೆ ಅಡಿ ಎತ್ತರ. ಹಲಗೆ ಇಟ್ಟರೆ ಮಳೆಗಾಲದಲ್ಲಿ ಜಾರುತ್ತದೆ. ‘ಬಿದ್ದರೆ ಯಾರು ಹೊಣೆ, ಮನೆಯಲ್ಲೇ ಓದಲಿ’ ಎನ್ನುತ್ತಾರೆ ಶಾಲೆಯವರು. ಏನು ಮಾಡೋಣ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಹ್ಯೂಮನ್ ಅವರನ್ನು ಶಾಲೆಯಿಂದ ಹೊರಗಿಟ್ಟದ್ದೂ ಇಂಥದೇ ಮಾತು. 1947ರಲ್ಲಿ ಹುಟ್ಟಿದ ಅವರಿಗೆ ಒಂದೂವರೆ ವರ್ಷಕ್ಕೆ ಪೋಲಿಯೊ ಆಯಿತು. ಬೆಂಕಿ ಬಿದ್ದರೆ ವೀಲ್‌ಚೇರ್ ಅಪಾಯ ಎಂದು ಶಾಲೆ ಸೇರಿಸಿಕೊಳ್ಳಲಿಲ್ಲ. 1970ರಲ್ಲಿ ಶಿಕ್ಷಕಿಯ ಪರವಾನಗಿಗೂ ಅಡ್ಡಿ ಬಂದಾಗ ಕೋರ್ಟಿಗೆ ಹೋಗಿ ಪಡೆದರು. ಆಗ ಅವರ ಬೆನ್ನಿಗೆ ಗಟ್ಟಿ ಕಾನೂನು ಇರಲಿಲ್ಲ. ನಿಮಗೆ ಇದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಯಲ್ಲಿ ತಾರತಮ್ಯವಿಲ್ಲದೆ ಪ್ರವೇಶ ಸಿಗಬೇಕು, ಕಟ್ಟಡವೂ ಮಗುವಿಗೆ ಎಟಕುವಂತಿರಬೇಕು. ಬಾಯಿಮಾತು ಬೇಡ. ಮುಖ್ಯಶಿಕ್ಷಕರಿಗೆ ಅರ್ಜಿ ಕೊಡಿ, ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಪ್ರತಿ ಲಗತ್ತಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಗೂ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಈ ಮೊಹರಿನ ಪ್ರತಿಯೊಂದಿಗೇ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು.

ಇನ್ನು ರ‍್ಯಾಂಪ್. ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕು. ಅಂದರೆ ನಿಮ್ಮ ಜಗಲಿಗೆ ಹದಿನೆಂಟು ಅಡಿ. ಜಾಗವಿಲ್ಲವೆಂದು ಎಂಟು ಅಡಿಗೇ ಮುಗಿಸುವವರಿದ್ದಾರೆ, ಒಪ್ಪಬೇಡಿ: ಹುಡುಗಿ ತಾನಾಗಿ ಏರಲಾರಳು, ಇಳಿಯುವಾಗ ಕುರ್ಚಿ ಹಿಡಿತಕ್ಕೆ ಸಿಗುವುದಿಲ್ಲ. ಗೋಡೆಯ ಪಕ್ಕದಲ್ಲೇ ಹಾಯಿಸಿ ಅಥವಾ ನಡುವೆ ತಿರುಗಿಸಿ. ತಿರುವಿನಲ್ಲೂ ಮೇಲೂ ಕೆಳಗೂ ಐದಡಿ ಚೌಕದ ಸಮತಟ್ಟು ಜಾಗ ಬಿಡಿ. ಅಗಲ ನಾಲ್ಕಡಿ ಇರಲಿ. ಎರಡೂ ಅಂಚಿಗೆ ನಾಲ್ಕಿಂಚಿನ ಕಟ್ಟೆ ಇದ್ದರೆ ಚಕ್ರ ಹೊರಗೆ ಜಾರದು.

ಮಲೆನಾಡಿನಲ್ಲಿ ರ‍್ಯಾಂಪ್ ಕೆಡುವುದು ಸೂರಿನ ನೀರಿನಿಂದ. ಹೆಂಚಿನಿಂದ ಸುರಿಯುವ ನೀರು ನೇರವಾಗಿ ಅದರ ಮೇಲೇ ಬಿದ್ದರೆ ಪಾಚಿ ಕಟ್ಟುತ್ತದೆ, ಎಂಥ ಕಾಂಕ್ರೀಟೂ ಜಾರುತ್ತದೆ. ಮೊದಲು ಮೇಲೆ ಶೀಟು ಹೊದಿಸಿ, ನೀರನ್ನು ಪಕ್ಕಕ್ಕೆ ತಿರುಗಿಸಿ. ಟೈಲ್ಸ್ ಖಂಡಿತ ಬೇಡ. ಕಾಂಕ್ರೀಟ್ ಹಸಿಯಿರುವಾಗಲೇ ಗಟ್ಟಿ ಪೊರಕೆಯಿಂದ ಅಡ್ಡಗೆರೆ ಎಳೆಸಿ. ಮಳೆಗೆ ಮುಂಚೆಯೂ ಮಳೆಗಾಲದ ನಡುವೆಯೂ ಬ್ಲೀಚಿಂಗ್ ಪೌಡರ್ ನೀರು ಹಾಕಿ ಉಜ್ಜಿಸಿ, ತೊಳೆಸಿ. ಬುಡದ ಚರಂಡಿಗೆ ಜಾಲರಿ ಹಾಕುವಾಗ ಸರಳುಗಳು ದಾರಿಗೆ ಅಡ್ಡವಾಗಿರಲಿ, ಇಲ್ಲವಾದರೆ ಮುಂದಿನ ಸಣ್ಣ ಚಕ್ರ ಸಂದಿಯಲ್ಲಿ ಸಿಕ್ಕಿ ಮಗು ಮುಗ್ಗರಿಸುತ್ತದೆ.

ಶೌಚಾಲಯವನ್ನೂ ಇದೇ ಅರ್ಜಿಯಲ್ಲಿ ಬರೆಯಿರಿ. ರ‍್ಯಾಂಪ್ ಒಂದೇ ಆದರೆ ಹುಡುಗಿ ಸಂಜೆಯವರೆಗೆ ನೀರು ಕುಡಿಯುವುದನ್ನೇ ಬಿಡುತ್ತಾಳೆ. ಬಾಗಿಲು ಮೂರಡಿ ಅಗಲವಿರಲಿ, ಹೊರಕ್ಕೆ ತೆರೆಯಲಿ, ಕಮೋಡಿನ ಪಕ್ಕದ ಗೋಡೆಗೆ ಹಿಡಿಕೆ ಇರಲಿ.