ಆಲಿಕಲ್ಲು ಬೀಳದ ಊರಿನವರ ಸಿಟ್ಟು

“ಕಳೆದ ಸಂಚಿಕೆಯಲ್ಲಿ ಯುರೋಪಿನ ಗುಡುಗು-ಬಿರುಮಳೆ ಮುನ್ಸೂಚನೆಯ ಲೇಖನ ಓದಿದೆ. ನಕ್ಷೆಯಲ್ಲಿ ಅರ್ಧ ಖಂಡಕ್ಕೆ ಎಚ್ಚರಿಕೆಯ ಬಣ್ಣ ಬಳಿದು, ಎಲ್ಲೋ ನಾಲ್ಕು ಊರಲ್ಲಿ ಆಲಿಕಲ್ಲು ಬಿದ್ದರೆ ‘ಹೇಳಿದ್ವಲ್ಲ’ ಅನ್ನೋದು ಎಂಥ ವಿಜ್ಞಾನ? ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೆ. ಬಹುಶಃ ಮನೆಯಲ್ಲಿ ಕೂತು ನಾನೂ ಹೇಳಬಲ್ಲೆ.”
— ಓದುಗರೊಬ್ಬರು

ಸಂಪಾದಕರ ಉತ್ತರ:

ಪತ್ರ ಓದಿ ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಎಲ್ಲ ಕಡೆ ಬಣ್ಣ ಬಳಿದರೆ ಎಚ್ಚರಿಕೆಗೆ ಬೆಲೆ ಇರಲ್ಲ, ಒಪ್ಪಿದೆ. ಇನ್ನು ಜಗಳಕ್ಕೆ ಬರುತ್ತೇನೆ.

ಮನೆಯಲ್ಲಿ ಕೂತು ಹೇಳಬಲ್ಲೆ ಅಂದಿರಲ್ಲ, ಖಂಡಿತ ಹೇಳಬಲ್ಲಿರಿ. 1884ರಲ್ಲಿ ಅಮೆರಿಕದ ಸೇನೆಯ ಜಾನ್ ಫಿನ್ಲೆ ಸುಂಟರಗಾಳಿ ಬರುತ್ತೋ ಇಲ್ಲವೋ ಅಂತ 2803 ಮುನ್ಸೂಚನೆ ಕೊಟ್ಟು, ಶೇ 96.6 ಸರಿ ಬಂತು ಅಂದರು. ಗಿಲ್ಬರ್ಟ್ ಎಂಬ ಭೂವಿಜ್ಞಾನಿ ಆ ಲೆಕ್ಕ ನೋಡಿ, ಪ್ರತಿ ಸಲ ಕಣ್ಣುಮುಚ್ಚಿ ‘ಬರಲ್ಲ’ ಅಂದಿದ್ದರೆ ಶೇ 98.2 ಸರಿ ಆಗುತ್ತಿತ್ತಲ್ಲ ಅಂದರು! ನೀವೂ ಹಾಗೆ ಗೆಲ್ಲಬಹುದು. ಆದರೆ ಸುಂಟರಗಾಳಿ ನಿಜವಾಗಿ ಬಂದದ್ದು 51 ಸಲ. ಫಿನ್ಲೆ ಅದರಲ್ಲಿ 28 ಹಿಡಿದಿದ್ದರು, ನೀವು ಒಂದನ್ನೂ ಹಿಡಿಯಲ್ಲ. ಯಾರ ಮಾತು ಕೇಳಿ ನೆಲಮಾಳಿಗೆಗೆ ಇಳಿಯೋಣ ಹೇಳಿ.

ನಾವು ಬರೆದಿದ್ದು ಯುರೋಪಿಗೆ ಬಿರುಮಳೆ ಮುನ್ಸೂಚನೆ ಕೊಡುವ ಎಸ್ಟೋಫೆಕ್ಸ್ ತಂಡದ ಬಗ್ಗೆ. ಹವಾಮಾನ ತಜ್ಞರು, ವಿದ್ಯಾರ್ಥಿಗಳು ಸೇರಿ 2002ರಲ್ಲಿ ಶುರು ಮಾಡಿದ್ದು, ಸಂಬಳವಿಲ್ಲದ ಕೆಲಸ. ನೀವು ನಕ್ಷೆಯ ಬಣ್ಣ ನೋಡಿದ್ದೀರಿ, ಕೆಳಗಿನ ಬರಹ ಓದಿಲ್ಲ. ನನಗೆ ಪ್ರೀತಿ ಇರೋದು ಆ ಬರಹದ ಮೇಲೆ, ಯಾಕೆಂದರೆ ಅಲ್ಲಿ ಕಾರಣ ಇರುತ್ತದೆ. ನೆಲದ ಹತ್ತಿರ ತೇವ ಜಾಸ್ತಿ, ಮೇಲೆ ಥಂಡಿ ಗಾಳಿ, ಎತ್ತರಕ್ಕೆ ಹೋದಂತೆ ಗಾಳಿಯ ವೇಗ, ದಿಕ್ಕು ಎರಡೂ ಬದಲು. ಇಂಥಲ್ಲಿ ಹುಟ್ಟಿದ ಮೋಡ ತಿರುಗುತ್ತಾ ಗಂಟೆಗಟ್ಟಲೆ ಬದುಕಿ ದಪ್ಪ ದಪ್ಪ ಆಲಿಕಲ್ಲು ಸುರಿಸಬಲ್ಲದು. ಆದರೆ ಎಷ್ಟೋ ಸಲ ನಡುವೆ ಬೆಚ್ಚನೆ ಗಾಳಿಯ ಪದರವೊಂದು ಪಾತ್ರೆಗೆ ಮುಚ್ಚಳ ಇಟ್ಟ ಹಾಗೆ ಕೂತಿರುತ್ತದೆ. ಮುಚ್ಚಳ ತೆರೆಯಲೇ ಇಲ್ಲ ಅಂದರೆ ಇಡೀ ದಿನ ಸುಮ್ನೆ ಬಿಸಿಲು. ಒಲೆ ಮೇಲೆ ನೀರಿಡಿ, ಕುದಿಯುತ್ತೆ ಅಂತ ಗೊತ್ತು. ಮೊದಲ ಗುಳ್ಳೆ ಎಲ್ಲೇಳುತ್ತೆ ಅಂತ ಹೇಳಿ ನೋಡಿ!

ಹೇಳದೆ ಇದ್ದರೆ ಏನಾಗುತ್ತೆ ಅನ್ನೋದೂ ಗೊತ್ತಿರಲಿ. 2022ರ ಆಗಸ್ಟ್ 18ರ ಬೆಳಗ್ಗೆ ಫ್ರಾನ್ಸಿನ ಕಾರ್ಸಿಕಾ ದ್ವೀಪಕ್ಕೆ ಗಂಟೆಗೆ 225 ಕಿ.ಮೀ. ವೇಗದ ಗಾಳಿ ಅಪ್ಪಳಿಸಿತು. ಅಷ್ಟು ದೊಡ್ಡದು ಬರುತ್ತೆ ಅಂತ ಕಂಪ್ಯೂಟರ್ ಲೆಕ್ಕಗಳು ತೋರಿಸಿರಲಿಲ್ಲ. ರಜೆಗೆ ಬಂದು ಟೆಂಟ್ ಹಾಕಿದ್ದವರ ಮೇಲೆ ಮರಗಳು ಉರುಳಿದವು. ಮಾರನೇ ದಿನ ಜನ ಕೇಳಿದ್ದು ಒಂದೇ, ಯಾಕೆ ಮೊದಲೇ ಹೇಳಲಿಲ್ಲ? ಹೇಳಿದರೂ ಬೈಗುಳ, ಹೇಳದಿದ್ದರೂ ಬೈಗುಳ.

ನನ್ನ ಸಂಕಟ ಇರೋದು ಬೇರೆ ಕಡೆ. ಜನಕ್ಕೆ ಶೇಕಡಾ ಲೆಕ್ಕ ಅರ್ಥವಾಗಲ್ಲ, ಹೆದರಿಬಿಡುತ್ತಾರೆ ಅಂತ ಮೇಲಿನವರು ತೀರ್ಮಾನಿಸೋದು ಹಳೇ ಚಾಳಿ. ಅಮೆರಿಕದಲ್ಲಿ 1938ರವರೆಗೆ ದಶಕಗಳ ಕಾಲ ಸರ್ಕಾರಿ ಮುನ್ಸೂಚನೆಯಲ್ಲಿ ‘ಟೊರ್ನಾಡೊ’ (ಸುಂಟರಗಾಳಿ) ಪದವನ್ನೇ ಬಳಸುವಂತಿರಲಿಲ್ಲ. ಪದ ಬಿಟ್ಟರೆ ಗಾಳಿ ನಿಲ್ಲುತ್ತಾ ಸ್ವಾಮಿ? ನಮ್ಮ ಪತ್ರಿಕೆಯವರೇನು ಕಡಿಮೆಯಿಲ್ಲ. ನಾನು ಉಪಸಂಪಾದಕನಾಗಿದ್ದಾಗ ‘ಬಿರುಮಳೆ ಸಾಧ್ಯತೆ’ ಅನ್ನೋ ಶೀರ್ಷಿಕೆ ಒಂದು ಕಾಲಂನಲ್ಲಿ ಹಿಡಿಯಲಿಲ್ಲ. ‘ಸಾಧ್ಯತೆ’ ಕತ್ತರಿಸಿದೆ. ಮಳೆ ಬರಲಿಲ್ಲ. ಬೈಸಿಕೊಂಡಿದ್ದು ಹವಾಮಾನದವರು, ನಾನಲ್ಲ. ಇಂದಿಗೂ ಹೆಡ್ಡಿಂಗ್ ಬರೆಯುವವರ ಕತ್ತರಿಗೆ ಮೊದಲು ಸಿಗೋದು ಅದೇ ಪದ. ಚುನಾವಣೆ ಭವಿಷ್ಯ, ಷೇರುಪೇಟೆ ಭವಿಷ್ಯ ಹೇಳುವವರಲ್ಲಿ ಎಷ್ಟು ಜನ ಫಿನ್ಲೆ ಥರ ತಮ್ಮ ಲೆಕ್ಕ ಎಲ್ಲರೆದುರು ಹೊರಗಿಟ್ಟಿದ್ದಾರೆ? ಅವರಿಗೆ ಯಾಕೆ ನೀವು ಪತ್ರ ಬರೆಯಲ್ಲ?

ನಿಮ್ಮ ಪತ್ರ ಉದ್ದವಿತ್ತು, ನಾಲ್ಕು ಸಾಲು ಕತ್ತರಿಸಿದ್ದೇನೆ. ಕೊನೆಯ ಸಾಲಿನ ‘ಬಹುಶಃ’ ಮಾತ್ರ ಮುಟ್ಟಿಲ್ಲ.