ಸೆಕೆಂಡ್ ಹ್ಯಾಂಡ್ ಪಿಸ್ತೂಲಲ್ಲಿ ಮೊದ್ಲು ಏನ್ ನೋಡ್ಬೇಕು?

ಪ್ರಶ್ನೆ: ಸರ್ ನಮಸ್ಕಾರ, ನಾನು ಅಮೆರಿಕದ ಡಾಲಸ್ ಹತ್ರ ಇರೋದು, ಗ್ರೀನ್ ಕಾರ್ಡ್ ಇದೆ. ಹೋದ ತಿಂಗಳು ಹಳೇ ಕೋಲ್ಟ್ 1911 ಒಂದನ್ನ ತಗೊಂಡೆ, .45 ಬೋರು, ಐದಿಂಚಿನ ಬ್ಯಾರಲ್. ಎಷ್ಟು ಗುಂಡು ಹೊಡೆದಿದಾರೆ ಅಂತ ಮಾರಿದವ್ರಿಗೂ ಗೊತ್ತಿಲ್ಲ. ರೇಂಜಲ್ಲಿ ಖಾಲಿ ಕೇಸ್‌ಗಳು ವಿಪರೀತ ದೂರ ಹೋಗಿ ಬೀಳ್ತವೆ, ಆಗಾಗ ಸ್ಲೈಡ್ (ಮೇಲ್ಗಡೆ ಹಿಂದೆ ಮುಂದೆ ಜಾರೋ ಭಾಗ) ಪೂರ್ತಿ ಮುಂದೆ ಬರದೆ ಸ್ವಲ್ಪ ಹಿಂದೇನೇ ನಿಂತುಬಿಡುತ್ತೆ. ಪಾರ್ಟ್ಸ್ ತರಿಸಿ ನಾನೇ ಹಾಕ್ಕೋಬಹುದಾ ಅಥವಾ ಗನ್‌ಸ್ಮಿತ್ ಹತ್ರ ಹೋಗ್ಬೇಕಾ?

ಉತ್ತರ: ನೀವು ಹೇಳಿರೋ ಎರಡೂ ಲಕ್ಷಣ ಒಂದೇ ಕಡೆ ಬೆರಳು ತೋರಿಸ್ತಿವೆ, ರೀಕಾಯಿಲ್ ಸ್ಪ್ರಿಂಗ್ ಸೋತಿದೆ. ಗುಂಡು ಹಾರಿದಾಗ ಹಿಂದಕ್ಕೆ ನುಗ್ಗೋ ಸ್ಲೈಡನ್ನ ತಡೆಯೋದೂ ಅದೇ, ಮತ್ತೆ ಮುಂದಕ್ಕೆ ತಳ್ಳಿ ಮುಂದಿನ ರೌಂಡ್ ಚೇಂಬರಿಗೆ, ಅಂದ್ರೆ ಬ್ಯಾರಲ್ ಹಿಂಬದಿ ಗುಂಡು ಕೂರೋ ಜಾಗಕ್ಕೆ, ಸೇರಿಸೋದೂ ಅದೇ. ಅದರ ಬಲ ಕುಂದಿದ್ರೆ ಸ್ಲೈಡ್ ಜೋರಾಗಿ ಹಿಂದೆ ಹೋಗಿ ಫ್ರೇಮಿಗೆ ಬಡಿಯುತ್ತೆ, ಕೇಸ್ ದೂರ ಹಾರುತ್ತೆ, ವಾಪಸ್ ಬರೋವಾಗ ಶಕ್ತಿ ಸಾಲಲ್ಲ. ಕೊಳೆ, ಕೆಟ್ಟ ಮ್ಯಾಗಜಿನ್, ಬಿಗಿ ಜಾಸ್ತಿ ಇರೋ ಎಕ್ಸ್‌ಟ್ರಾಕ್ಟರ್ (ಖಾಲಿ ಕೇಸನ್ನ ಹಿಡಿದೆಳೆಯೋ ಕೊಕ್ಕೆ) ಇದ್ರೂ ಸ್ಲೈಡ್ ನಿಲ್ಲುತ್ತೆ ನಿಜ, ಆದ್ರೆ ಎಷ್ಟು ಹೊಡೆದಿದೆ ಅಂತ ಲೆಕ್ಕ ಇಲ್ಲದ ಪಿಸ್ತೂಲಿಗೆ ಯೋಚನೆ ಮಾಡದೆ ಮೊದ್ಲು ಸ್ಪ್ರಿಂಗ್ ಬದಲಾಯಿಸಿ ಅಂತಾನೇ ನಾನು ಎಲ್ರಿಗೂ ಹೇಳೋದು. ಕೆಲವೇ ಡಾಲರಿನ ಸಾಮಾನು, ಅದನ್ನ ಉಳಿಸೋಕೆ ಹೋಗಿ ಫ್ರೇಮ್ ಕ್ರ್ಯಾಕ್ ಆದ್ರೆ ಪಿಸ್ತೂಲೇ ಹೋಯ್ತು.

ಐದಿಂಚಿನ .45ಗೆ 16 ಪೌಂಡಿನ ಸ್ಪ್ರಿಂಗ್ ಸ್ಟ್ಯಾಂಡರ್ಡ್. ಜಾಸ್ತಿ ಪೌಂಡಿಂದು ಹಾಕಿದ್ರೆ ಇನ್ನೂ ಒಳ್ಳೇದು ಅಂತ ಅಂಗಡೀಲಿ ಹೇಳ್ತಾರೆ, ಬೇಡ, ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಬೇರೆ ತೊಂದರೆ ಶುರುವಾಗುತ್ತೆ. ವುಲ್ಫ್ ಕಂಪನಿಯವ್ರು ರೀಕಾಯಿಲ್ ಸ್ಪ್ರಿಂಗ್ ಜೊತೆ ಫೈರಿಂಗ್ ಪಿನ್ (ಗುಂಡಿನ ಹಿಂಭಾಗಕ್ಕೆ ಹೊಡೆಯೋ ಕಡ್ಡಿ) ಸ್ಪ್ರಿಂಗೂ ಕೊಡ್ತಾರೆ, ಅದನ್ನ ಡಬ್ಬೀಲಿ ಬಿಡ್ಬೇಡಿ, ಎರಡೂ ಒಟ್ಟಿಗೇ ಹಾಕಿ. ಹಳೇದನ್ನ ಹೊಸದರ ಪಕ್ಕ ಇಟ್ಟು ನೋಡಿ, ಗಿಡ್ಡ ಆಗಿರುತ್ತೆ. ಆಮೇಲೆ 2000-3000 ರೌಂಡಿಗೊಮ್ಮೆ ಬದಲಾಯಿಸೋದು ರೂಢಿ, ಒಂದು ಚಿಕ್ಕ ಪುಸ್ತಕದಲ್ಲಿ ಲೆಕ್ಕ ಬರೆದಿಡಿ.

ಬಿಚ್ಚೋ ಮೊದ್ಲು ಮ್ಯಾಗಜಿನ್ ತೆಗೀರಿ, ಸ್ಲೈಡ್ ಹಿಂದಕ್ಕೆಳೆದು ಚೇಂಬರ್ ಕಣ್ಣಲ್ಲಿ ನೋಡಿ, ಬೆರಳು ಹಾಕಿನೂ ನೋಡಿ. ಈ ಕ್ರಮ ತಪ್ಪಬಾರದು, ಯಾಕಂದ್ರೆ ಮ್ಯಾಗಜಿನ್ ಒಳಗಿರುವಾಗ್ಲೇ ಸ್ಲೈಡ್ ಎಳೆದ್ರೆ ಒಂದು ರೌಂಡ್ ಹೊರಗೆ ಬರುತ್ತೆ, ಇನ್ನೊಂದು ಒಳಗೆ ಹೋಗಿ ಕೂತಿರುತ್ತೆ, ನೀವು ಖಾಲಿ ಆಯ್ತು ಅಂದ್ಕೊಂಡಿರ್ತೀರಾ. ಗುಂಡಿನ ಡಬ್ಬಿ ಆ ರೂಮಲ್ಲೇ ಬೇಡ. ಮುಂದಿನ ಬುಷಿಂಗ್ (ಬ್ಯಾರಲ್ ಬಾಯಿ ಸುತ್ತ ಇರೋ ಬಳೆ) ತಿರುಗಿಸುವಾಗ ಅದರ ಕೆಳಗಿರೋ ಪ್ಲಗ್ಗನ್ನ ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿ ಹಿಡ್ಕೊಂಡು ನಿಧಾನಕ್ಕೆ ಬಿಡಿ, ಕೈ ಜಾರಿದ್ರೆ ಪ್ಲಗ್ಗೂ ಸ್ಪ್ರಿಂಗೂ ಸೀದಾ ಕಣ್ಣಿಗೇ ಬರ್ಬಹುದು, ಕನ್ನಡಕ ಹಾಕ್ಕೊಂಡೇ ಕೂತ್ಕೊಳ್ಳಿ.

ಬಿಚ್ಚಿದ್ಮೇಲೆ ಬ್ಯಾರಲ್ ಒಳಗೆ ಬೆಳಕು ಬಿಟ್ಟು ನೋಡಿ, ಎಲ್ಲಾದ್ರೂ ಕಪ್ಪು ಉಂಗುರದ ಥರ ಕಂಡ್ರೆ ಅಲ್ಲಿ ಬ್ಯಾರಲ್ ಉಬ್ಬಿರೋ ಸಾಧ್ಯತೆ ಇದೆ, ತೋರಿಸದೆ ಹೊಡೀಬೇಡಿ. ಬ್ಯಾರಲ್ ಮೇಲಿನ ಲಗ್‌ಗಳ (ಸ್ಲೈಡಿಗೆ ಸಿಕ್ಕಿಕೊಳ್ಳೋ ಉಬ್ಬುಗಳ) ಅಂಚು ಚೂಪಾಗಿರ್ಬೇಕು, ಬಡಿದು ಗುಂಡಗಾಗಿದ್ರೆ ಗನ್‌ಸ್ಮಿತ್ ಕೆಲಸ. ಎಕ್ಸ್‌ಟ್ರಾಕ್ಟರ್ ಪರೀಕ್ಷೆಗೆ ಒಂದು ಡಮ್ಮಿ ರೌಂಡ್ (ಮದ್ದಿಲ್ಲದ ನಕಲಿ ಗುಂಡು) ತಗೊಳ್ಳಿ, ಅಸಲಿ ಗುಂಡು ಖಂಡಿತ ಬೇಡ, ಬಿಚ್ಚಿದ ಸ್ಲೈಡಲ್ಲಿ ಅದರ ಕೊಕ್ಕೆ ಕೆಳಗೆ ರಿಮ್ ಸಿಗಿಸಿ ಮೆಲ್ಲಗೆ ಅಲ್ಲಾಡಿಸಿ, ಬೀಳದೆ ನಿಲ್ಬೇಕು. ಎಡಗಡೆ ಹೆಬ್ಬೆರಳಿನ ಸೇಫ್ಟಿ ಮುಂದೆ, ಗ್ರಿಪ್ಪಿನ ಮೇಲಂಚಲ್ಲಿರೋ ಸಣ್ಣ ಕೊಳವೆ, ಪ್ಲಂಜರ್ ಟ್ಯೂಬ್ ಅಂತಾರೆ, ಅದನ್ನ ಉಗುರಲ್ಲಿ ಅಲ್ಲಾಡಿಸಿ ನೋಡೋದು ಮಾತ್ರ ಮರೀಬೇಡಿ. ಎಷ್ಟೋ ಜನ ಅದನ್ನ ನೋಡೋದೇ ಇಲ್ಲ, ಅದು ಸಡಿಲ ಆಗಿ ಫ್ರೇಮಿಂದ ಎದ್ರೆ ಸೇಫ್ಟಿ ಕೆಳಗಿಳಿಯದ ಹಾಗೆ ಅಡ್ಡ ಕೂರ್ಬಹುದು.

ಮತ್ತೆ ಜೋಡಿಸಿ, ಖಾಲಿ ಪಿಸ್ತೂಲಲ್ಲೇ ಸೇಫ್ಟಿ ಪರೀಕ್ಷೆ ಮಾಡಿ. ಹ್ಯಾಮರ್ (ಹಿಂದಿರೋ ಸುತ್ತಿಗೆ ಥರದ ಭಾಗ) ಎಳೆದು ನಿಲ್ಸಿ, ಸೇಫ್ಟಿ ಹಾಕಿ, ಟ್ರಿಗರ್ ಜೋರಾಗಿ ಒತ್ತಿ ಬಿಡಿ, ಈಗ ಟ್ರಿಗರ್ ಮುಟ್ಟದೆ ಸೇಫ್ಟಿ ತೆಗೀರಿ, ಹ್ಯಾಮರ್ ಬೀಳೋದಿರ್ಲಿ, ಚೂರೂ ಕದಲಬಾರದು. ಹಿಡಿ ಹಿಂದಿನ ಗ್ರಿಪ್ ಸೇಫ್ಟಿ ಒತ್ತದೆ ಟ್ರಿಗರ್ ಎಳೆದ್ರೂ ಬೀಳಬಾರದು. ಆಮೇಲೆ ಟ್ರಿಗರ್ ಒತ್ತಿ ಹಿಡ್ಕೊಂಡೇ ಸ್ಲೈಡ್ ಪೂರ್ತಿ ಎಳೆದು ಬಿಡಿ, ಹ್ಯಾಮರ್ ಹಿಂದೇನೇ ನಿಂತಿರ್ಬೇಕು, ಸ್ಲೈಡ್ ಜೊತೆ ಮುಂದಕ್ಕೆ ಬಂದ್ರೆ ಸಿಯರ್ (ಹ್ಯಾಮರನ್ನ ಹಿಡಿದು ನಿಲ್ಸೋ ಭಾಗ) ಅಥವಾ ಡಿಸ್ಕನೆಕ್ಟರ್ (ಒಂದು ಸಲ ಒತ್ತಿದ್ರೆ ಒಂದೇ ಗುಂಡು ಹಾರೋ ಹಾಗೆ ನೋಡ್ಕೊಳ್ಳೋ ಭಾಗ) ಸವೆದಿದೆ ಅಂತ, ಗುಂಡು ತುಂಬೋ ಯೋಚನೇನೇ ಬೇಡ. ಕೋಲ್ಟಿನವ್ರು 1983ರಲ್ಲಿ ಶುರು ಮಾಡಿದ ಸೀರೀಸ್ 80 ನಿಮ್ಮದಾಗಿದ್ರೆ ಇನ್ನೊಂದಿದೆ, ಬಿಚ್ಚಿದ ಸ್ಲೈಡಲ್ಲಿ ಫೈರಿಂಗ್ ಪಿನ್ನನ್ನ ಹಿಂದಿನಿಂದ ಒತ್ತಿದ್ರೆ ತುದಿ ಮುಂದೆ ಬರಬಾರದು, ಕೆಳಗಿನ ಪುಟ್ಟ ಪ್ಲಂಜರ್ ಒತ್ತಿ ಹಿಡಿದಾಗ ಮಾತ್ರ ಬರ್ಬೇಕು.

ಈಗ ನೀವು ಕೇಳಿದ್ದಕ್ಕೆ ಬರೋಣ. ಸ್ಪ್ರಿಂಗ್, ಮ್ಯಾಗಜಿನ್, ಗ್ರಿಪ್ಪು, ಇವೆಲ್ಲ ನೀವೇ ಹಾಕ್ಕೊಳ್ಳಿ. ಸಿಯರ್, ಹ್ಯಾಮರ್, ಡಿಸ್ಕನೆಕ್ಟರ್, ಥಂಬ್ ಸೇಫ್ಟಿ, ಬ್ಯಾರಲ್, ಇವು ಹೊಸದು ತಂದ್ರೂ ಆ ಪಿಸ್ತೂಲಿಗೆ ಹೊಂದಿಸಿ ಕೂರಿಸ್ಬೇಕು, ಅರ (ಫೈಲು) ಹಿಡ್ಕೊಂಡು ಕೂತು ಸಿಯರ್ ಉಜ್ಜೋ ಸಾಹಸ ದಯವಿಟ್ಟು ಮಾಡ್ಬೇಡಿ, ಒಂದು ಸಲ ಟ್ರಿಗರ್ ಒತ್ತಿದ್ರೆ ಎರಡು ಮೂರು ಗುಂಡು ಹಾರೋದು ಅಲ್ಲಿಂದಾನೇ. ಸೀದಾ ಗನ್‌ಸ್ಮಿತ್ ಹತ್ರ ಹೋಗಿ. ರಿಪೇರಿ ಆದ್ಮೇಲೆ ರೇಂಜಲ್ಲಿ ಮೊದ್ಲು ಮ್ಯಾಗಜಿನ್ನಿಗೆ ಎರಡೇ ರೌಂಡ್ ಹಾಕಿ ಹೊಡೀರಿ, ಸರಿ ಇದೆ ಅಂತ ಖಾತ್ರಿ ಆದ್ಮೇಲೆ ಪೂರ್ತಿ ತುಂಬಿ. ಮ್ಯಾಗಜಿನ್‌ಗಳಿಗೆ ನಂಬರ್ ಬರೀರಿ, ತೊಂದರೆ ಯಾವಾಗ್ಲೂ ಒಂದೇ ನಂಬರಲ್ಲಿ ಬರ್ತಿದ್ರೆ ಪಿಸ್ತೂಲಿಂದೇನೂ ತಪ್ಪಿಲ್ಲ.

ಅಂದಹಾಗೆ ಎಚ್1ಬಿ ವೀಸಾದಲ್ಲಿರೋ ನಿಮ್ಮ ಗೆಳೆಯರನ್ನ ರೇಂಜಿಗೆ ಕರ್ಕೊಂಡು ಹೋಗಿ ಕೈಗೆ ಕೊಡೋ ಮುಂಚೆ ಯೋಚನೆ ಮಾಡಿ. ಆ ಥರದ ವೀಸಾದವ್ರು ಗನ್ ಹೊಂದೋದಕ್ಕೆ ಅಲ್ಲಿನ ಫೆಡರಲ್ ಕಾನೂನಲ್ಲಿ ನಿಷೇಧ ಇದೆ, ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇರೋರಿಗೆ ಮತ್ತೆ ಇನ್ನು ಕೆಲವ್ರಿಗೆ ಮಾತ್ರ ವಿನಾಯಿತಿ.

ಪ್ರಶ್ನೆ: ಸಾರ್, ನಮ್ಮದು ವಿರಾಜಪೇಟೆ ಕಡೆ ತೋಟ. ಅಪ್ಪನ .32 ಪಿಸ್ತೂಲು ಈಗ ನನ್ನ ಲೈಸೆನ್ಸಿಗೆ ಬಂದಿದೆ. ಸ್ಲೈಡ್ ತುಂಬಾ ಲೂಸಾಗಿ ಓಡುತ್ತೆ. ಗ್ಯಾರೇಜಲ್ಲಿ ಸ್ಪ್ರಿಂಗ್ ಮಾಡಿಸಿ ಹಾಕ್ಲಾ?

ಉತ್ತರ: ಬೇಡವೇ ಬೇಡ. ನಮ್ಮಲ್ಲಿ ಸಿಗೋ .32 ಪಿಸ್ತೂಲುಗಳು ಸಾಮಾನ್ಯವಾಗಿ ಬ್ಲೋಬ್ಯಾಕ್ ಮಾದರಿಯವು, ಅಂದ್ರೆ ಬ್ಯಾರಲ್ಲೂ ಸ್ಲೈಡೂ ಒಂದಕ್ಕೊಂದು ಲಾಕ್ ಆಗಲ್ಲ, ಗುಂಡು ಹಾರೋ ಹೊತ್ತಲ್ಲಿ ತಡೆದು ಹಿಡಿಯೋದು ಸ್ಲೈಡಿನ ತೂಕ ಮತ್ತೆ ಆ ಸ್ಪ್ರಿಂಗು, ಅಷ್ಟೇ. ಅಳತೆ ಇಲ್ಲದ ಸ್ಪ್ರಿಂಗ್ ಹಾಕಿ ಆಟ ಆಡೋ ಜಾಗ ಅಲ್ಲ ಅದು. ಆರ್ಮ್ಸ್ ಆಕ್ಟಿನ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿ ಕೆಲಸಕ್ಕೂ ಲೈಸೆನ್ಸ್ ಬೇಕು, ಗ್ಯಾರೇಜಿನವ್ರು ಪಾಪ ನಿಮ್ಮಿಂದ ಕೇಸಿಗೆ ಸಿಕ್ಕಾಕ್ಕೋತಾರೆ. ಕೊಡಗಿನಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ ಅಂತ ಪಿಸ್ತೂಲಿಗೂ ಅದನ್ನ ಲೆಕ್ಕ ಹಾಕ್ಬೇಡಿ.

ಒರೆಸೋದು, ಬ್ಯಾರಲ್ ಉಜ್ಜೋದು, ತೆಳ್ಳಗೆ ಎಣ್ಣೆ ಹಾಕೋದು ನಿಮ್ಮ ಕೆಲಸ. ಕೈಲ್ ಪೊಳ್ದಿಗೆ (ಕೊಡಗಿನ ಆಯುಧ ಪೂಜೆ ಹಬ್ಬಕ್ಕೆ) ಹೊರಗೆ ತೆಗೆದಾಗ ಬರೀ ಹೊರಮೈ ಹೊಳೆಸಿ ಇಡ್ಬೇಡಿ, ನಿಮ್ಮ ಕಡೆ ಮಳೆಗಾಲದ ತೇವಕ್ಕೆ ಮ್ಯಾಗಜಿನ್ ಒಳಗಿನ ಸ್ಪ್ರಿಂಗ್ ಮೊದ್ಲು ತುಕ್ಕು ಹಿಡಿಯುತ್ತೆ, ಅದನ್ನ ನೋಡಿ. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡೋ ಅಭ್ಯಾಸ ಇದ್ರೆ ಬಿಟ್ಬಿಡಿ, ಚರ್ಮ ನೀರು ಹಿಡ್ಕೊಳ್ಳುತ್ತೆ. ಚುನಾವಣೆ ಟೈಮಲ್ಲಿ ಠಾಣೆಗೆ ಡೆಪಾಸಿಟ್ ಮಾಡಿ ವಾಪಸ್ ತಂದಾಗ್ಲೂ ಅವತ್ತೇ ಬಿಚ್ಚಿ ಒರೆಸಿ.

ಸ್ಪ್ರಿಂಗಿಗೆ ಮೈಸೂರು ಅಥವಾ ಬೆಂಗಳೂರಿನ ರಿಪೇರಿ ಲೈಸೆನ್ಸ್ ಇರೋ ಗನ್ ಹೌಸಿಗೆ ಹೋಗಿ, ಪಿಸ್ತೂಲು ಖಾಲಿ ಮಾಡಿ, ಒರಿಜಿನಲ್ ಲೈಸೆನ್ಸ್ ಜೊತೆಲಿಟ್ಕೊಂಡು. ಬಿಟ್ಟು ಬರೋದಾದ್ರೆ ಪಿಸ್ತೂಲಿನ ನಂಬರ್ ಬರೆದಿರೋ ರಸೀದಿ ಇಲ್ದೆ ಅಂಗಡಿಯಿಂದ ಹೊರಡ್ಬೇಡಿ. ಅಲ್ಲೀವರೆಗೂ ಅದರಲ್ಲಿ ಗುಂಡು ಹೊಡೀಬೇಡಿ.